ವೈರ್ ಕಿತ್ತರೂ ನಿಲ್ಲದ ಸದ್ದು

ಆಂಪ್ಲಿಫೈಯರಿನಿಂದ ವೈರ್ ಕಿತ್ತು ಕೈಯಲ್ಲಿ ಹಿಡಿದಿದ್ದೆ. ಆದರೂ ಸ್ಪೀಕರ್ ಪೆಟ್ಟಿಗೆಯಿಂದ ‘ಬುಸ್’ ಎಂಬ ಸದ್ದು ಬರುತ್ತಲೇ ಇತ್ತು. ಕೀರಲು ಸ್ವರ ಹೊರಡಿಸುವ ಪುಟ್ಟ ಸ್ಪೀಕರಾದ ಟ್ವೀಟರಿಗೆ ಆನಿಸಿದ್ದ ಕಿವಿಯನ್ನು ಸರಕ್ಕನೆ ಎಳೆದುಕೊಂಡೆ.

ಎಂಬತ್ತರ ದಶಕದ ಮಾತು. ಮುಳಬಾಗಿಲಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ನಾನು ರಾಯಲ್ಪಾಡಿನ ರೈತರೊಬ್ಬರ ಮನೆಗೆ ಹೋಗಿದ್ದೆ. ಹಾಡಿನಲ್ಲಿ ತಾಳ, ಗೆಜ್ಜೆಯ ಸದ್ದು ಕೇಳಿಸುತ್ತಿಲ್ಲ, ಒಮ್ಮೊಮ್ಮೆ ಬರೀ ಬುಸುಗುಟ್ಟುತ್ತದೆ ಎಂಬುದು ಅವರ ದೂರು. ಹಳೆಯ ಟ್ವೀಟರ್ ಹಾಳಾಗಿರಬೇಕು ಎಂದುಕೊಂಡಿದ್ದೆ.

“ಅಣ್ಣಾ, ಈಚೆಗೆ ಬಂದ್ಬಿಡಿ. ಒಳಗೇನೋ ಜೀವ ಐತೆ,” ಎಂದೆ.

ರೈತರು ಉದ್ದನೆಯ ಗಳದಿಂದ ಪೆಟ್ಟಿಗೆಯನ್ನು ಅಂಗಳಕ್ಕೆ ತಳ್ಳಿ ಉರುಳಿಸಿದರು. ಹಿಂಬದಿಯಲ್ಲಿ ಇಲಿ ಕಡಿದಿದ್ದ ತೂತಿನಿಂದ ನಾಗರಹಾವೊಂದು ಹೊರಬಂತು. ನಮ್ಮತ್ತ ಹೆಡೆಯೆತ್ತಿ ನಿಂತಿದ್ದು, ಆಮೇಲೆ ಬೇಲಿಯ ಕಡೆ ಸರಿದುಹೋಯಿತು.

ರೈತರ ಹೆಂಡತಿ ಬಾಗಿಲಿಗೆ ಓಡಿಬಂದರು. “ಅಯ್ಯೋ ದೇವುಡಾ! ನಮ್ಮತ್ತೆಗೆ ಕಿವಿ ಮಂದ ಅಣ್ಣಾ. ದಿನಾ ಆ ಪೆಟ್ಗೆಗೇ ಕಿವಿ ಇಟ್ಕೊಂಡು ಹಾಡು ಕೇಳ್ತಾರೆ!”

ಟ್ವೀಟರ್ ಬಿಚ್ಚಿದೆ. ಕೂದಲೆಳೆಯಂಥ ತಂತಿ ತುಂಡಾಗಿತ್ತು. ಅದಕ್ಕೆ ಬೆಸುಗೆ ಹಾಕಿ, ಹಿಂದಿನ ತೂತಿಗೆ ಹಲಗೆ ಬಡಿದುಕೊಟ್ಟೆ.

ಆ ಹೆಡೆ ಹೇಗಿತ್ತೆಂದು ಈಗ ಸರಿಯಾಗಿ ನೆನಪಿಲ್ಲ. ಪೆಟ್ಟಿಗೆಯ ಮುಂದಿನ ಬಟ್ಟೆಯ ಮೇಲೆ ಆ ಅಜ್ಜಿಯ ತಲೆ ತಾಗಿ ತಾಗಿ ಉಳಿದಿದ್ದ ಎಣ್ಣೆಯ ಗುರುತು ಕಣ್ಣಮುಂದೆ ಬಂದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.