ಯಾರಿಗಾದ್ರೂ ನೆಗಡಿ ಇದೆಯಾ?

ನನ್ನ ಗಂಡನ ಹೆಸರು ತಿಬೆಸಿಗ್ವ. ನಮ್ಮ ಮಾತಿನಲ್ಲಿ ಅದಕ್ಕೆ ‘ಇವರನ್ನು ನಂಬಬೇಡಿ’ ಎಂದರ್ಥ. ಬೇಲಿಯ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಜಗಳವಾಗಿದ್ದ ವರ್ಷ ಹುಟ್ಟಿದವನು. ಮಗನನ್ನು ಊಟಕ್ಕೆ ಕರೆಯುವ ನೆಪದಲ್ಲಿ ನಮ್ಮ ಮಾವ ದಿನಕ್ಕೆ ನಾಲ್ಕು ಸಲ ಬೇಲಿಯ ಹತ್ತಿರ ನಿಂತು ಆ ಹೆಸರು ಕೂಗುತ್ತಿದ್ದರಂತೆ. ಮಗನನ್ನು ಕರೆದ ಹಾಗೂ ಆಯಿತು, ಅವರನ್ನು ಬೈದ ಹಾಗೂ ಆಯಿತು. ನಮ್ಮ ಗುಡ್ಡಗಳ ಕಡೆ ಹೆಸರಿಡುವುದೇ ಹೀಗೆ.

ಆ ಹೆಸರಿಗೂ ಆ ಮನುಷ್ಯನಿಗೂ ಏನೇನೂ ಸಂಬಂಧವಿರಲಿಲ್ಲ. ಇಪ್ಪತ್ತೆರಡು ವರ್ಷ ಬ್ವಿಂಡಿ ಕಾಡಿನಲ್ಲಿ ಜನರನ್ನು ಗೊರಿಲ್ಲಾಗಳ ಹತ್ತಿರ ಕರೆದೊಯ್ಯುವ ಗೈಡ್ ಆಗಿದ್ದ. ಹತ್ತಿರ ಹೋಗುವ ಮೊದಲು ಗಂಟಲಿನಿಂದ ‘ಹ್ಮ್‌ಮ್’ ಎಂದು ಸದ್ದು ಮಾಡಬೇಕು. ನಾವು ನಿಮ್ಮವರೇ, ಹೆದರಬೇಡಿ ಎಂದು ಅವಕ್ಕೆ ಹೇಳುವ ರೀತಿ ಅದು. ಅಭ್ಯಾಸ ಎಷ್ಟೆಂದರೆ ಅಡುಗೆಮನೆಗೆ ಬರುವಾಗಲೂ ‘ಹ್ಮ್‌ಮ್’ ಅನ್ನುತ್ತಿದ್ದ. ‘ನಾನೇನು ಗೊರಿಲ್ಲಾನಾ?’ ಎಂದು ನಾನು ಸೌಟು ತೋರಿಸುತ್ತಿದ್ದೆ.

ನಾನೂ ಅದೇ ಕಾಡಿನ ಗೇಟಿನಲ್ಲಿ ಪ್ರವಾಸಿಗರ ಚೀಲ ಹೊರುವವಳು. ಪ್ರತಿದಿನ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ‘ಯಾರಿಗಾದ್ರೂ ನೆಗಡಿ ಇದೆಯಾ? ಕೆಮ್ಮು? ಜ್ವರ?’ ನಮಗೆ ಎರಡು ದಿನದ ನೆಗಡಿ ಗೊರಿಲ್ಲಾಗಳ ಪ್ರಾಣಕ್ಕೇ ಬರುತ್ತದೆ. ಒಮ್ಮೆ ಸಮುದ್ರ ದಾಟಿ ಬಂದಿದ್ದ ಒಬ್ಬ ಮುದುಕ ಮೂಗು ಒರೆಸಿಕೊಳ್ಳುತ್ತಾ ಅತ್ತೇಬಿಟ್ಟ. ನಿವೃತ್ತ ಮೇಷ್ಟ್ರಂತೆ. ಇದೊಂದು ಆಸೆ ಇಟ್ಟುಕೊಂಡೇ ಬದುಕಿದ್ದೇನೆ ಎಂದ. ನನ್ನ ಗಂಡ ಅವನ ಕೋಲು ಹಿಡಿದು, ತೋಳು ಹಿಡಿದು, ಕೆಳಗೆ ಜೀಪಿನ ತನಕ ತಾನೇ ಬಿಟ್ಟು ಬಂದ.

‘ಪಾಪ, ಅಳ್ತಿದ್ದರಲ್ರೀ,’ ಎಂದೆ.

‘ಕಣ್ಣಲ್ಲಿ ಬರೋ ನೀರು ಬೇರೆ, ಮೂಗಲ್ಲಿ ಬರೋ ನೀರು ಬೇರೆ. ನಾನು ನೋಡೋದು ಎರಡನೇದು ಮಾತ್ರ,’ ಎಂದ.

ಅಂಥವನು.

ಅವನ ತಾಯಿ, ನಮ್ಮತ್ತೆ, ಇದ್ದದ್ದು ಆಚೆ ಕಣಿವೆಯಲ್ಲಿ. ಅಲ್ಲಿಗೆ ಗೊರಿಲ್ಲಾಗಳು ಬರುವುದಿಲ್ಲ. ‘ಕಂಡೋರಿಗೆಲ್ಲ ಕರ್ಕೊಂಡ್ಹೋಗಿ ತೋರಿಸ್ತಾನೆ, ಹೆತ್ತವಳಿಗೆ ಮಾತ್ರ ಬರೀ ಬಾಯಲ್ಲೇ ಗೊರಿಲ್ಲಾ,’ ಎಂದು ಸಂತೆಯಲ್ಲೆಲ್ಲಾ ಹೇಳಿಕೊಂಡು ತಿರುಗುತ್ತಿದ್ದರು. ಅದು ಅವನಿಗೆ ಚುಚ್ಚುತ್ತಿತ್ತು. ಆರು ವರ್ಷದ ಹಿಂದಿನ ಮಳೆಗಾಲದಲ್ಲಿ, ಪ್ರವಾಸಿಗರು ಕಡಿಮೆ ಇರುವಾಗ, ಸುತ್ತಲಿನ ಹಳ್ಳಿಯವರಲ್ಲಿ ಕೆಲವರನ್ನು ಒಂದು ದಿನ ಕರೆದೊಯ್ಯುತ್ತಾರೆಂದು ಗೊತ್ತಾಯಿತು. ಚೀಟಿ ಎತ್ತಿದಾಗ ನಮ್ಮತ್ತೆಯ ಹೆಸರು ಬಂತು. ಅವತ್ತು ನನ್ನ ಗಂಡ ಮನೆಯೊಳಗೆ ಕುಣಿದದ್ದನ್ನು ನಾನು ನೋಡಿದ್ದೇನೆ.

ಹೊರಡುವ ಹಿಂದಿನ ದಿನವೇ ಅತ್ತೆ ನಮ್ಮನೆಗೆ ಬಂದರು. ರಾತ್ರಿ ಅವನು ಮಲಗಿದ ಮೇಲೆ ಅವರಿಗೆ ನೆಗಡಿ ಶುರುವಾಯಿತು.

ಬೆಳಿಗ್ಗೆ ಅವನು ನಮಗಿಂತ ಮೊದಲೇ ಗೇಟಿಗೆ ಹೋಗಿದ್ದ. ನಾನು ನೀಲಗಿರಿ ಎಲೆ ಕುದಿಸಿ ಅತ್ತೆಗೆ ಹಬೆ ಕೊಟ್ಟೆ. ಬಿಸಿ ಬಿಸಿ ಜೋಳದ ಅಂಬಲಿ ಕುಡಿಸಿದೆ. ನನ್ನ ಹಳದಿ ತಲೆವಸ್ತ್ರವನ್ನು ಅವರ ಕೈಗೆ ಕೊಟ್ಟು ಹೇಳಿಕೊಟ್ಟವಳೂ ನಾನೇ: ‘ಅತ್ತೆ, ಅವರು ಕೇಳಿದಾಗ ಇಲ್ಲ ಅನ್ನಿ. ಕೆಮ್ಮು ಬಂದ್ರೆ ಇದನ್ನ ಬಾಯಿಗೊತ್ಕೊಂಡು ನುಂಗಿಬಿಡಿ.’

‘ನಿಮ್ಮಾವನ ಜೊತೆ ನಲವತ್ತು ವರ್ಷ ಬಾಳಿದೀನಿ ಕಣೆ. ಏನೇನೋ ನುಂಗಿದೀನಿ, ಇದೊಂದು ಕೆಮ್ಮು ಯಾವ ಲೆಕ್ಕ?’

ಇಬ್ಬರೂ ನಕ್ಕೆವು. ನೆನೆಸಿಕೊಂಡರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಸಾಲಿನಲ್ಲಿ ಎಂಟು ಜನ. ಒಬ್ಬೊಬ್ಬರನ್ನೇ ಕೇಳುತ್ತಾ ಬಂದವನು ತಾಯಿಯ ಮುಂದೆ ನಿಂತ. ‘ಅವ್ವಾ, ನಿಂಗೆ?’

‘ದಂಗೇದಾಗಿದೆ? ಕಲ್ಲಿದ್ದ ಹಾಗಿದೀದಿ,’ ಎಂದರು ಅತ್ತೆ. ಕಟ್ಟಿದ ಮೂಗಿನಲ್ಲಿ ‘ನ’ ಎಲ್ಲಾ ‘ದ’ ಆಗಿ ಬಂತು.

ಅವನು ನನ್ನನ್ನು ನೋಡಿದ. ನಾನು ನನ್ನ ರಬ್ಬರ್ ಬೂಟು ನೋಡಿಕೊಂಡೆ. ಆಗಿನ್ನೂ ಯಾರೂ ಮುಖಗವಸು ಹಾಕುತ್ತಿರಲಿಲ್ಲ. ತಡೆಯಲು ಅವನೊಬ್ಬನ ಬಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ‘ಸರಿ, ಹೊರಡೋಣ,’ ಎಂದ.

ಮೂರು ಗಂಟೆ ಏರು. ಗೊರಿಲ್ಲಾಗಳು ಸಿಕ್ಕ ಮೇಲೆ ಚೀಲ ಹೊರುವ ನಾವು ಹಿಂದೆಯೇ ಉಳಿಯಬೇಕು. ನಾನು ಬಿದಿರಿನ ಕೆಳಗೆ ಕುಳಿತಿದ್ದೆ. ಮೊದಲು ಅವನ ‘ಹ್ಮ್‌ಮ್’ ಕೇಳಿಸಿತು, ಆಮೇಲೆ ಒಂದು ಕೆಮ್ಮು, ಆಮೇಲೆ ಎಲ್ಲರ ನಗು. ಎರಡು ವರ್ಷದ ಒಂದು ಮರಿ ಅತ್ತೆಯ ಹತ್ತಿರ ಓಡಿಬಂದಿತಂತೆ. ಹಿಂದೆ ಸರಿಯುವ ಬದಲು ಅತ್ತೆ, ‘ಬಾರೋ ನನ್ನಪ್ಪಾ, ಯಾರ ಮಗನೋ ನೀನು?’ ಎಂದರಂತೆ. ಕೈಯಲ್ಲಿದ್ದ ಹಳದಿ ಬಟ್ಟೆ ಜಾರಿ ಬಿತ್ತು. ಮರಿ ಅದನ್ನೆತ್ತಿ ತಲೆಗೆ ಹಾಕಿಕೊಂಡು, ಬಾಯಲ್ಲಿ ಕಚ್ಚಿಕೊಂಡು ಕುಣಿಯಿತು. ನನ್ನ ಗಂಡ ಬಟ್ಟೆಯನ್ನು ಹಿಂದಕ್ಕೆ ತರುವಷ್ಟರಲ್ಲಿ ಅದು ಪೂರ್ತಿ ಒದ್ದೆಯಾಗಿತ್ತು.

ಇಳಿಯುವಾಗ ಅತ್ತೆಗೆ ನೆಲವೇ ಕಾಣುತ್ತಿರಲಿಲ್ಲ, ಅಷ್ಟು ಸಂತೋಷ. ಅವನು ಆ ಒದ್ದೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದೇ ಇಳಿದ.

ಒಂಬತ್ತನೆಯ ದಿನ ಅದೇ ಮರಿಗೆ ಮೂಗು ಸೋರುತ್ತಿದೆ ಎಂದು ಸುದ್ದಿ ಬಂತು. ಗೊರಿಲ್ಲಾ ಡಾಕ್ಟರಮ್ಮ ಬಂದರು. ಗುಂಪೆಲ್ಲಾ ಕೆಮ್ಮುತ್ತಿತ್ತು. ದೊಡ್ಡವು ಚೇತರಿಸಿಕೊಂಡವು. ಮರಿ ಉಳಿಯಲಿಲ್ಲ. ತಾಯಿ ಅದನ್ನು ಕೆಳಗಿಡದೆ ಮೂರು ದಿನ ಹೊತ್ತುಕೊಂಡೇ ತಿರುಗಿತು. ಮೂರು ದಿನವೂ ನನ್ನ ಗಂಡ ಅದರ ಹಿಂದೆಯೇ ಹೋದ.

ಮನೆಗೆ ಬಂದು ಒಲೆಯ ಮುಂದೆ ಕುಳಿತ. ‘ನಂಗೆ ಗೊತ್ತಿತ್ತು. ಅವ್ವ ಬಾಯಿ ಬಿಟ್ಟ ತಕ್ಷಣ ಗೊತ್ತಾಯ್ತು.’

‘ಅದೇ ನೆಗಡಿ ಅಂತ ಹೆಂಗೆ ಹೇಳ್ತೀರಿ? ದಿನಾ ಎಷ್ಟು ಜನ ಹೋಗ್ತಾರೆ,’ ಎಂದೆ. ಹೀಗೆ ಹೇಳಲು ನನಗೆ ನಾಲಿಗೆ ಹೇಗೆ ಬಂತೋ.

‘ಆ ಮೇಷ್ಟ್ರನ್ನ ಅಳಿಸಿ ಕಳಿಸಿದ್ನಲ್ಲೇ,’ ಎಂದ. ಅಷ್ಟೇ.

ಮರುದಿನ ಕಾಡಿನ ವಾರ್ಡನ್ ಹತ್ತಿರ ಹೋಗಿ ಎಲ್ಲಾ ಹೇಳಿದ. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ವಾರ್ಡನ್ ಒಳ್ಳೆಯವರು. ‘ಈ ವಿಷಯ ಇನ್ಯಾರಿಗೆ ಗೊತ್ತಿತ್ತಪ್ಪಾ?’ ಎಂದು ಕೇಳಿದರು.

‘ಯಾರಿಗೂ ಇಲ್ಲ ಸಾರ್. ನನಗೊಬ್ಬನಿಗೇ.’

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಊರಲ್ಲಿ ನನಗೆ ಬಾಯಿಬಡುಕಿ ಎಂದೇ ಹೆಸರು. ಅವತ್ತು ಆ ಬಾಯಿ ತೆರೆಯಲಿಲ್ಲ.

ಗೈಡ್ ಕೆಲಸ ಬೇಡವೆಂದು ಅವನೇ ಬಿಟ್ಟ. ಈಗ ಕಾಡಿನ ಆಚೆ ಅಂಚಿನಲ್ಲಿ ಕಳ್ಳಬೇಟೆಯವರ ಉರುಲು ಹುಡುಕಿ ಕೀಳುತ್ತಾನೆ. ಗೊರಿಲ್ಲಾಗಳ ಹತ್ತಿರಕ್ಕೆ ಮತ್ತೆ ಹೋಗಿಲ್ಲ. ಅಡುಗೆಮನೆಗೂ ಸದ್ದಿಲ್ಲದೆ ಬರುತ್ತಾನೆ. ನಾನು ಮಾತ್ರ ಅದೇ ಗೇಟಿನಲ್ಲಿ ಚೀಲ ಹೊರುತ್ತೇನೆ. ಹೊಸ ಗೈಡ್ ದಿನವೂ ನೆಗಡಿಯ ಪ್ರಶ್ನೆ ಕೇಳುತ್ತಾನೆ, ಎಲ್ಲರ ಜೊತೆ ನಾನೂ ‘ಇಲ್ಲ’ ಅನ್ನುತ್ತೇನೆ.

ಅತ್ತೆಗೆ ಯಾರೂ ಹೇಳಿಲ್ಲ. ಈಗ ಕಣ್ಣು ಮಂಜಾಗಿ ನಮ್ಮ ಜೊತೆಗೇ ಇದ್ದಾರೆ. ಆ ಮರಿಯ ಸುದ್ದಿ ಕೇಳದ ವಾರವಿಲ್ಲ. ‘ಎಷ್ಟೆತ್ತರ ಆದ? ಎದೆ ಬಡ್ಕೊಳ್ಳೋದು ಕಲಿತ್ನಾ?’ ಎಂದರೆ, ಕಲಿತಿದ್ದಾನೆ ಅನ್ನುತ್ತೇನೆ. ಪೂರ್ತಿ ಬೆಳೆದ ಗಂಡಿಗೆ ಬರುವ ಬೆಳ್ಳಿ ಬಣ್ಣ ಬೆನ್ನಿಗೆ ಇನ್ನೂ ಬಂದಿಲ್ಲ ಅನ್ನುತ್ತೇನೆ. ಸುಳ್ಳಿಗೆ ವಯಸ್ಸಿನ ಲೆಕ್ಕವನ್ನೂ ಸರಿಯಾಗಿ ಇಟ್ಟಿದ್ದೇನೆ.

ಮೊನ್ನೆ ಭಾನುವಾರ ಅವರೆಕಾಳು ಬಿಡಿಸುತ್ತಾ ಕುಳಿತಿದ್ದೆವು. ನನ್ನ ಗಂಡ ಬಾಗಿಲ ಬಳಿ ಬೂಟು ತೊಳೆಯುತ್ತಿದ್ದ. ಅತ್ತೆ ದನಿ ತಗ್ಗಿಸಿ ಕೇಳಿದರು: ‘ಅವತ್ತು ನಾನು ಒಂದ್ಸಲ ಕೆಮ್ಮಿಬಿಟ್ಟೆ ಕಣೆ. ನುಂಗೋಕಾಗಲಿಲ್ಲ. ಆ ಮಗೂಗೆ ಅದ್ರಿಂದ ಏನೂ ಆಗ್ಲಿಲ್ಲ ತಾನೆ?’

ನಾನು ಬಾಗಿಲ ಕಡೆ ನೋಡಿದೆ. ಈ ಸಲ ಬೂಟು ನೋಡಿಕೊಂಡವನು ಅವನು.

‘ಏನೂ ಆಗ್ಲಿಲ್ಲ ಅತ್ತೆ.’

‘ಹೌದೇನೋ, ತಿಬೆಸಿಗ್ವ?’

‘ಹೌದವ್ವಾ,’ ಎಂದ.

ಅತ್ತೆ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ ಉಸಿರು ಬಿಟ್ಟರು. ‘ನೀವಿಬ್ರೂ ಹೇಳಿದ ಮೇಲೆ ಮುಗೀತು ಬಿಡು,’ ಎಂದರು. ‘ನಂಬ್ತೀನಿ.’