ವಿಮಾನದ ಕೊಸರು

ಅಂದಿನ ಬೆಳಗೂ ಎಂದಿನಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಡಿಕಾಕ್ಷನ್ ಇಳಿಯಲು ಬಿಟ್ಟೆ. ರಾತ್ರಿ ಹೆಪ್ಪು ಹಾಕಿದ್ದ ಮೊಸರಿನ ಪಾತ್ರೆಯನ್ನು ತುಸು ವಾಲಿಸಿ, ಗಟ್ಟಿಯಾಗಿದೆಯೇ ಎಂದು ನೋಡಿ, ದೋಸೆಕಲ್ಲನ್ನು ಒಲೆಯ ಮೇಲಿಟ್ಟೆ. ಹಿಟ್ಟು ತಳ ಮುಟ್ಟಿತ್ತು. ಪಾತ್ರೆಯ ಬದಿಗೆ ಅಂಟಿದ್ದನ್ನು ಬಳಿದು ಕೊನೆಯ ದೋಸೆಗೆ ಸೇರಿಸಲು ನಾನು ಬಳಸುವುದು ಒಂದು ಪ್ಲಾಸ್ಟಿಕ್ ಕಾರ್ಡು. ನೀಲಿ ಬಣ್ಣದ್ದು. ಮೂಲೆಯಲ್ಲಿ ಒಂದು ರೆಕ್ಕೆಯ ಚಿತ್ರ, ಅದರ ಕೆಳಗೆ ಉಬ್ಬಕ್ಷರದಲ್ಲಿ ನಮ್ಮ ಯಜಮಾನರ ಹೆಸರು. ವಿಮಾನ ಕಂಪನಿಯವರು ಅವರಿಗೆ ಬೆಳ್ಳಿ ಬಣ್ಣದ ಕಾರ್ಡು ಕೊಟ್ಟ ಮೇಲೆ ಹಳೆಯದು ಅಡುಗೆಮನೆಗೆ ಬಂತು. ನೀವು ನಂಬಬೇಕು, ಹಿಟ್ಟು ಬಳಿಯಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಇಷ್ಟು ವರ್ಷಗಳಲ್ಲಿ ಆ ಕಂಪನಿಯಿಂದ ನನಗಾದ ಉಪಕಾರವೂ ಅದೊಂದೇ.

ಕೊನೆಯ ದೋಸೆಯನ್ನು ಅವರ ತಟ್ಟೆಗೆ ಹಾಕುವಾಗ ಅವರು ತಲೆಯೆತ್ತದೆ ಕೇಳಿದರು.

“ಅಲ್ವೇ, ಬಿಡೋದೋ ಇಟ್ಕೊಳ್ಳೋದೋ?”

ಗಾಬರಿಯಾಗಬೇಡಿ, ಇದು ಹೆಂಡತಿಯ ವಿಷಯವಲ್ಲ. ಹೆಂಡತಿಯ ಬಗ್ಗೆ ಅವರು ಇಷ್ಟೊಂದು ಯೋಚನೆ ಮಾಡಿದ್ದನ್ನು ನಾನು ಕಂಡಿಲ್ಲ. ಇದು ವಿಮಾನದ ವಿಷಯ. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ, ಊಟಕ್ಕೂ, ಸಂಜೆಯ ಕಾಫಿಗೂ ನೆಂಚಿಕೊಳ್ಳಲು ಈ ಪ್ರಶ್ನೆಯೇ.

ಕೊಳ್ಳೇಗಾಲದಂಥ ಊರಿನಲ್ಲಿ ವಿಮಾನದ ಚಿಂತೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮವರದು ರೇಷ್ಮೆ ನೂಲಿನ ವ್ಯಾಪಾರ. ಇಲ್ಲಿ ಹುರಿ ಮಾಡಿಸಿದ ನೂಲನ್ನು ಉತ್ತರದ ಕಡೆ ಸೀರೆ ನೇಯಿಸುವವರಿಗೆ ಒದಗಿಸುತ್ತಾರೆ. ಮೊದಲು ರೈಲಿನಲ್ಲಿ ಹೋಗಿ ಬರುತ್ತಿದ್ದರು. ತೊಂಬತ್ತರ ದಶಕದಲ್ಲಿ ಖಾಸಗಿ ವಿಮಾನಗಳು ಬಂದವು, ವ್ಯಾಪಾರವೂ ಕುದುರಿತು, ಇವರು ದೆಹಲಿಗೆ ಹಾರತೊಡಗಿದರು. ಇಲ್ಲಿಂದ ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ, ಅಲ್ಲಿಂದ ಮುಂದೆ ಮಹಾರಾಜರ ಹಾಗೆ ಕೂರುವುದು. ಅಂದಿನಿಂದ ಒಂದೇ ಕಂಪನಿ. ಅದನ್ನು ‘ನಮ್ಮ ವಿಮಾನ’ ಎನ್ನುತ್ತಾರೆ, ಹಿತ್ತಲಲ್ಲಿ ಕಟ್ಟಿದ ಹಸುವಿನ ಮಾತಾಡುವವರ ಹಾಗೆ. “ನಮ್ಮ ವಿಮಾನ ಇವತ್ತು ಸ್ವಲ್ಪ ತಡ.” “ನಮ್ಮ ವಿಮಾನದಲ್ಲಿ ಹೆಸರು ಹಿಡಿದು ಮಾತಾಡಿಸ್ತಾರೆ ಕಣೇ.” ಬರುವಾಗ ಅಂಗಿಯ ಜೇಬಿನಲ್ಲಿ ನಾಲ್ಕು ಮಿಠಾಯಿ, ಬೆರಳುದ್ದದ ಉಪ್ಪು-ಮೆಣಸಿನ ಪೊಟ್ಟಣ, ಒಂದು ಪ್ಲಾಸ್ಟಿಕ್ ಚಮಚ. ನನ್ನ ಪಾಲಿಗೆ ವಿಮಾನ ಪ್ರಯಾಣವೆಂದರೆ ಆ ಮಿಠಾಯಿಯ ಹುಳಿಸಿಹಿ. ಉಪ್ಪಿನ ಪೊಟ್ಟಣಗಳು ಒಂದು ಬಿಸ್ಕತ್ತಿನ ಡಬ್ಬ ತುಂಬಾ ಇವೆ. ಉಪ್ಪು ಮುಗಿದ ದಿನ ಅವನ್ನು ಹರಿದು ಹರಿದು ಸಾರಿಗೆ ಹಾಕುತ್ತಾ, ಇಷ್ಟು ಹಾರಾಟಕ್ಕೆ ಇಷ್ಟೇ ಉಪ್ಪೇ ಎಂದುಕೊಂಡಿದ್ದೇನೆ.

ಆದರೆ ಕಂಪನಿಯವರು ಇನ್ನೊಂದನ್ನೂ ಕೊಡುತ್ತಿದ್ದರು. ಪಾಯಿಂಟು. ಪ್ರತಿ ಪ್ರಯಾಣಕ್ಕೂ ಇಷ್ಟು ಎಂದು ಅವರ ಹೆಸರಿಗೆ ಬರೆದುಕೊಳ್ಳುತ್ತಾರೆ, ಅದು ಸಾಕಷ್ಟು ಸೇರಿದರೆ ಬಿಟ್ಟಿ ಟಿಕೆಟ್ಟು. ಆ ಪಾಯಿಂಟಿನ ಮೇಲೆ ನನ್ನದೊಂದು ಆಸೆ ಕೂತಿತ್ತು. ದೆಹಲಿಯಲ್ಲಿ ನನ್ನ ಅಕ್ಕ ಸರೋಜ ಇದ್ದಾಳೆ. ಭಾವನ ಸರ್ಕಾರಿ ಕೆಲಸದ ಜೊತೆ ಹೋದವಳು ಅಲ್ಲೇ ನೆಲೆಸಿದಳು. ಮಂಡಿನೋವು ಬಂದ ಮೇಲೆ ಈ ಕಡೆ ಬರುವುದೇ ನಿಂತಿತು. ಅವಳನ್ನು ನಾನು ನೋಡಿ ಬಹಳ ವರ್ಷಗಳಾದವು. ಆದರೆ ಇವರು ದೆಹಲಿಗೆ ಹೋದಾಗಲೆಲ್ಲ ಅವಳ ಮನೆಯಲ್ಲಿ ಬಿಸಿಬೇಳೆಬಾತು ಉಂಡು ಬರುತ್ತಾರೆ. ಬಂದ ಮೇಲೆ ನಾನು ಕೇಳುತ್ತೇನೆ.

“ಅಕ್ಕ ಹೇಗಿದ್ದಾಳೆ?”

“ಚೆನ್ನಾಗಿದ್ದಾರೆ.”

“ಕೂದಲು ಬೆಳ್ಳಗಾಗಿದೆಯಾ?”

“ನಾನೇನು ಕೂದಲು ನೋಡಕ್ಕೆ ಹೋಗಿದ್ನಾ?”

ನೋಡಿ, ಹೀಗೆ. ಊಟ ಉಂಡವರು ಮುಖ ನೋಡಲಿಲ್ಲ, ಮುಖ ನೋಡಬೇಕೆಂದವಳು ಇಲ್ಲಿ ಉಪ್ಪಿನ ಪೊಟ್ಟಣ ಹರಿಯುತ್ತಾ ಕೂತೆ. ರೈಲಿನಲ್ಲಿ ಒಬ್ಬಳನ್ನೇ ಕಳಿಸಲು ಅವರಿಗೆ ಧೈರ್ಯವಿಲ್ಲ, ಜೊತೆಗೆ ರೈಲಿನಲ್ಲಿ ಬರಲು ಪುರುಸೊತ್ತಿಲ್ಲ. “ಪಾಯಿಂಟು ಸೇರ್ಲಿ ಕಣೇ, ಇಬ್ರೂ ನಮ್ಮ ವಿಮಾನದಲ್ಲೇ ಹೋಗೋಣ.” ಈ ಮಾತು ಹಳೆಯದಾಗಿ ಹಳೆಯದಾಗಿ ಅದಕ್ಕೂ ಕೂದಲು ಬೆಳ್ಳಗಾಗಿತ್ತು.

ಅಷ್ಟರಲ್ಲಿ ಬಂತು ಹೊಸ ವಿಮಾನ. ಅರ್ಧಕ್ಕರ್ಧ ಅಗ್ಗ. ತಿಂಡಿಯಿಲ್ಲ, ಮಿಠಾಯಿಯಿಲ್ಲ, ಪಾಯಿಂಟೂ ಇಲ್ಲ. ಹಳೆಯದನ್ನು ಬಿಟ್ಟರೆ ಕೂಡಿಟ್ಟ ಪಾಯಿಂಟು ಹೋದೀತೆಂಬ ಭಯ. ಬಿಡದಿದ್ದರೆ ಹೋದಾಗಲೆಲ್ಲ ಇಮ್ಮಡಿ ದುಡ್ಡು. ಇವರು ಕ್ಷೌರದವನನ್ನು ಕೇಳಿದರು, ದವಾಖಾನೆಯಲ್ಲಿ ಡಾಕ್ಟರನ್ನು ಕೇಳಿದರು, ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಕೇಳಿದರು. ವಿಮಾನವನ್ನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದವರೂ ಗಂಭೀರವಾಗಿ ಸಲಹೆ ಕೊಟ್ಟರು. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಮಧ್ಯಾಹ್ನ ಬನ್ನಿಗೆ ಜಾಮೋ ಬೆಣ್ಣೆಯೋ ಎಂದು ನಾವು ಹುಡುಗಿಯರು ತಡವರಿಸಿದರೆ ಬಡಿಸುತ್ತಿದ್ದ ಸಿಸ್ಟರು, ಮನಸ್ಸು ಮಾಡು, ಇಲ್ಲದಿದ್ದರೆ ಸಾಲಿನಿಂದ ಪಕ್ಕಕ್ಕೆ ಸರಿ ಎನ್ನುತ್ತಿದ್ದರು. ಈ ಮನೆಯಲ್ಲಿ ಪಕ್ಕಕ್ಕೆ ಸರಿದು ನಿಂತವಳು ನಾನೇ.

ಇದು ಇವರೊಬ್ಬರ ಗುಣವಲ್ಲ, ವಂಶದ್ದು. ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಅತ್ತೆ ಯಳಂದೂರಿನವರು, ತವರಿನ ಮೊಸರಿನ ಮುಂದೆ ಲೋಕದ ಮೊಸರೆಲ್ಲ ಸುಣ್ಣದ ನೀರು ಎಂದು ನಂಬಿದ್ದವರು. ದಿನವೂ ಒಬ್ಬರಿಂದಲೇ ಹಾಲೋ ಮೊಸರೋ ಹೂವೋ ತೆಗೆದುಕೊಳ್ಳುವ ಕಟ್ಟುಪಾಡಿಗೆ ನಮ್ಮ ಕಡೆ ವರ್ತನೆ ಎನ್ನುತ್ತಾರೆ. ವರ್ತನೆಯವಳು ಅಳೆದು ಹಾಕಿದ ಮೇಲೆ, ಅಳತೆಯ ಹೊರಗೆ ಇನ್ನೊಂದು ಸೌಟು ಹಾಕುತ್ತಾಳಲ್ಲ, ಅದು ಕೊಸರು. ಕೇಳಿ ಹಾಕಿಸಿಕೊಳ್ಳುವುದು ಕೊಳ್ಳುವವರ ಹಕ್ಕು, ಗೊಣಗಿಕೊಂಡು ಹಾಕುವುದು ಮಾರುವವಳ ಮರ್ಯಾದೆ.

ನಮ್ಮ ಮನೆಯ ಮೊಸರಿನ ವರ್ತನೆ ಮಾದಮ್ಮನದು. ಹನೂರು ರಸ್ತೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದಳು. ಸಿಂಬೆಯ ಮೇಲೆ ಗಡಿಗೆ, ಗಡಿಗೆಯ ಬಾಯಿಗೆ ಮುತ್ತುಗದ ಎಲೆ. ಒಂದು ಬೇಸಿಗೆ ಅವಳ ಮೊಸರು ಹುಳಿಯಾಗತೊಡಗಿತು. ಅದೇ ಹೊತ್ತಿಗೆ ಚಿಕ್ಕತಾಯಿ ಎಂಬ ಹೊಸಬಳು ಬೀದಿಗೆ ಬಂದಳು. ಅವಳ ಮೊಸರು ಸಿಹಿ, ಕೊಸರು ಎರಡು ಸೌಟು. ಅತ್ತೆಗೆ ನಿದ್ದೆ ಕೆಟ್ಟಿತು.

“ಮಾದಮ್ಮನ ಬುಟ್ಬುಟ್ರ ಪಾಪ ಅಲ್ವಮ್ಮಿ?” ಎಂದು ನನ್ನನ್ನು ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಬುಡದಿದ್ರ ನಾಲ್ಗಗ ಪಾಪ,” ಎಂದು ತಾವೇ ಮುಗಿಸುತ್ತಿದ್ದರು.

ವರ್ತನೆ ಯುಗಾದಿಯಿಂದ ಯುಗಾದಿಗೆ. ನಡುವೆ ಬಿಡುವಂತಿಲ್ಲ. ಅದಕ್ಕೆ ಅತ್ತೆ ಒಂದು ಉಪಾಯ ಹೂಡಿದರು. ಮಾದಮ್ಮ ಮುಂಬಾಗಿಲಿಗೆ, ಚಿಕ್ಕತಾಯಿ ಹಿತ್ತಲ ಬಾಗಿಲಿಗೆ. ಒಬ್ಬಳಿಗೆ ಇನ್ನೊಬ್ಬಳು ಬರುವುದು ತಿಳಿಯಕೂಡದು. ಮನೆಯಲ್ಲಿ ಮೊಸರಿನ ಪ್ರವಾಹ. ಬೆಳಗ್ಗೆ ಮೊಸರನ್ನ, ಮಧ್ಯಾಹ್ನ ಮಜ್ಜಿಗೆಹುಳಿ, ಬಿಸಿಲಲ್ಲಿ ಮಜ್ಜಿಗೆ ಮೆಣಸಿನಕಾಯಿ, ಶುಕ್ರವಾರ ತಲೆಗೂ ಮೊಸರು. ದಿನವೂ ನನ್ನ ಮುಂದೆ ಎರಡು ಬಟ್ಟಲು. “ಕಾನ್ವೆಂಟ್ನಲ್ಲಿ ಓದ್ದವಳಲ್ವ, ಯೋಳು, ಯಾವ್ದು ಚಂದ?” ಚಿಕ್ಕತಾಯಿಯದು ಎಂದರೆ, “ಮಾದಮ್ಮನ ಋಣ ನಿನಗೇನ್ ಗೊತ್ತು?” ಮಾದಮ್ಮನದು ಎಂದರೆ, “ನಿನ್ನ ನಾಲ್ಗಯೇ ಸರಿಯಿಲ್ಲ ಬುಡು.” ಅಳುವಷ್ಟು ರೇಗುತ್ತಿತ್ತು ನನಗೆ.

ಯುಗಾದಿಯ ಹಿಂದಿನ ದಿನ ಅತ್ತೆ ಧೈರ್ಯ ತಂದುಕೊಂಡು, ಎಲೆಯಡಿಕೆ ಕೈಯಲ್ಲಿ ಹಿಡಿದು, ಮಾದಮ್ಮನನ್ನು ಜಗಲಿಯ ಮೇಲೆ ಕೂರಿಸಿ, ವರ್ತನೆಯನ್ನು ಚಿಕ್ಕತಾಯಿಗೆ ಬದಲಾಯಿಸುವ ವಿಷಯ ತೆಗೆದರು. ಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಅಯ್ಯೋ ಬುಡವ್ವ. ಚಿಕ್ತಾಯಿ ನಮ್ಮ ನಾದ್ನಿ ಕಣವ್ವ. ಇಬ್ರೂ ಒಂದೇ ಬಸ್ನಲ್ಲಿ ಬತ್ತೀವಿ, ಒಂದೇ ಮನ ಎಮ್ಮ, ಒಂದೇ ಹೆಪ್ಪು.”

“ಮತ್ತ ನಿಂದ್ಯಾಕ ಹುಳಿ?”

“ಅವಳು ಬಸ್ಸಿಳ್ದೇಟ್ಗ ನಿಮ್ಮನ್ಗೇ ಬತ್ತಳ. ನಾನು ಬೀದಿಯೆಲ್ಲ ಸುತ್ತಿ ಕಡೇಲಿ ಬತ್ತೀನಿ. ಬಿಸ್ಲು ಬುಡ್ತದ?”

ಅತ್ತೆಯ ಮುಖ ನೋಡಬೇಕಿತ್ತು. ಆದರೆ ಅವರು ಸೋತವರಲ್ಲ. ಮಾದಮ್ಮನೇ ಮೊದಲು ನಮ್ಮ ಮನೆಗೆ ಬರಬೇಕೆಂದು ಕಟ್ಟು ಮಾಡಿ, ಎಲೆಯಡಿಕೆ ಕೊಟ್ಟರು. ಅವಳು ಏಳುವ ಮುಂಚೆ ಪಾತ್ರೆ ಮುಂದೆ ಚಾಚಿ, “ಕೊಸರು ಎಲ್ಲಿ? ಹಾಕು,” ಎಂದರು. ಇಷ್ಟು ತಿಂಗಳ ಗೊಂದಲದಲ್ಲಿ ಅವರು ಬೇರೆಲ್ಲವನ್ನೂ ನಾಳೆಗೆ ಬಿಟ್ಟಿದ್ದರು, ಕೊಸರೊಂದನ್ನು ಬಿಟ್ಟು. ಅದನ್ನು ಮಾತ್ರ ಅವತ್ತಿನದು ಅವತ್ತೇ ಹಾಕಿಸಿಕೊಂಡಿದ್ದರು.

ಈ ಕಥೆ ನನಗೆ ನೆನಪಾದದ್ದು ಆ ಬೆಳಗ್ಗೆ, ದೋಸೆ ಮುಗಿಸಿದ ಯಜಮಾನರು ಬೆಳ್ಳಿ ಕಾರ್ಡನ್ನು ನನ್ನ ಮುಂದೆ ಇಟ್ಟಾಗ.

“ಆ ಆಫೀಸಿಗೆ ಫೋನ್ ಮಾಡಿ, ಬಿಟ್ರೆ ಪಾಯಿಂಟು ಏನಾಗುತ್ತೆ ಅಂತ ಕೇಳೇ. ನಿನ್ನ ಇಂಗ್ಲಿಷಲ್ಲಿ ಕೇಳು,” ಎಂದು ಹೇಳಿ ಗೋದಾಮಿಗೆ ಹೋದರು. ನಮ್ಮ ಮನೆಯಲ್ಲಿ ಇಂಗ್ಲಿಷಿನ ಫೋನೆಲ್ಲ ನನ್ನ ಪಾಲಿನದು. ಕಾನ್ವೆಂಟಿನ ಫೀಸು ಹಾಗೆ ವಸೂಲಾಗುತ್ತದೆ.

ಆ ಕಡೆಯ ಹುಡುಗಿಯ ದನಿ ಪನ್ನೀರು ಚಿಮುಕಿಸಿದ ಹಾಗಿತ್ತು. ಪಾಯಿಂಟುಗಳಿಗೂ ಆಯಸ್ಸು ಇದೆ, ಹಳೆಯವು ಈ ತಿಂಗಳ ಕೊನೆಗೆ ರದ್ದಾಗುತ್ತವೆ ಎಂದಳು. ದೆಹಲಿಗೆ ಹೋಗಿ ಬರಲು ಇಬ್ಬರಿಗೆ ಸಾಕೇ ಎಂದು ಕೇಳಿದೆ. ಇಬ್ಬರಿಗೆ ಸಾಲದು, ಒಬ್ಬರಿಗೆ ಧಾರಾಳ ಎಂದಳು. “ಒಬ್ಬರಿಗಾದರೆ ಯಾವಾಗಿನಿಂದಲೋ ಸಾಕಷ್ಟಿದೆಯಲ್ಲ ಮೇಡಂ, ಹಿಂದೆಯೂ ಒಂದಷ್ಟು ರದ್ದಾಗಿವೆ. ನೀವು ಯಾಕೆ ಬಳಸಲಿಲ್ಲ?”

ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ. ಮೊಸರು ಹಾಕಿಸಿಕೊಂಡವರು ನಾವು, ಪಾಯಿಂಟೆಂಬ ಕೊಸರನ್ನು ಕಂಪನಿಯ ಗಡಿಗೆಯಲ್ಲೇ ಹುಳಿಯಾಗಲು ಬಿಟ್ಟವರೂ ನಾವು. ಒಬ್ಬರಿಗೇ ಟಿಕೆಟ್ಟು ಮಾಡಿ ಎಂದೆ.

“ಪ್ರಯಾಣಿಕರ ಹೆಸರು ಮೇಡಂ?”

ಅಡುಗೆಕಟ್ಟೆಯ ಮೇಲೆ ನೀಲಿ ಕಾರ್ಡು ಹಿಟ್ಟು ಮೆತ್ತಿಕೊಂಡು ಬಿದ್ದಿತ್ತು. ಯಜಮಾನರ ಉಬ್ಬಕ್ಷರದ ಹೆಸರಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ನಾನು ನನ್ನ ಹೆಸರು ಹೇಳಿದೆ. ಸಿಸ್ಟರು ಕಲಿಸಿದ ಹಾಗೆ ಒಂದೊಂದೇ ಅಕ್ಷರ, ಬಿಡಿಸಿ ಬಿಡಿಸಿ. ಕಿಟಕಿಯ ಪಕ್ಕದ ಸೀಟು ಎಂದೂ ಹೇಳಿದೆ. ಕಾರ್ಡು ಯಾರದೋ ಅವರ ಸಹಿಯ ಒಪ್ಪಿಗೆ ಸಂಜೆಯೊಳಗೆ ಫ್ಯಾಕ್ಸಿನಲ್ಲಿ ಬರಬೇಕು ಎಂದಳು.

ಮಧ್ಯಾಹ್ನ ಅವರು ಊಟಕ್ಕೆ ಬಂದರು. ಹುಳಿ ಆಯಿತು, ಸಾರು ಆಯಿತು. ಮೊಸರಿನ ಪಾತ್ರೆ ನನ್ನ ಕೈಯಲ್ಲೇ ಇತ್ತು. ಅವರು ತಟ್ಟೆಯಲ್ಲಿ ಅನ್ನಕ್ಕೆ ಗುಂಡಿ ಮಾಡಿಕೊಂಡು ಕಾದರು. ನಾನು ಒಪ್ಪಿಗೆ ಬರೆದಿಟ್ಟ ಹಾಳೆಯನ್ನೂ ಪೆನ್ನನ್ನೂ ತಟ್ಟೆಯ ಪಕ್ಕಕ್ಕೆ ಸರಿಸಿ, ವಿಷಯ ಹೇಳಿದೆ.

“ಒಬ್ಳೇನಾ? ಇನ್ನೊಂದು ವರ್ಷ ತಡೆದ್ರೆ ಇಬ್ರೂ ಹೋಗ್ಬಹುದಿತ್ತಲ್ಲೇ.”

“ಇನ್ನೊಂದು ವರ್ಷ ಇದೇ ವಿಮಾನದಲ್ಲಿ ಹೋಗ್ತೀರಾ?”

“ಅದೇ ತಾನೇ ಗೊತ್ತಾಗ್ತಿಲ್ಲ.”

“ನೀವು ಗೊತ್ತು ಮಾಡ್ಕೊಳ್ಳೋವರೆಗೂ ಅಕ್ಕನ ಮಂಡಿ ಕಾಯಲ್ಲ ರೀ.”

“ಸರಿ, ಮೊಸರು ಹಾಕು, ಯೋಚನೆ ಮಾಡೋಣ.”

“ಸಹಿ ಹಾಕಿ, ಮೊಸರು ಹಾಕ್ತೀನಿ.”

ಮದುವೆಯಾದಂದಿನಿಂದ ನಾನು ಅವರಿಗೆ ಹೀಗೆ ಎದುರಾಡಿದ್ದಿಲ್ಲ. ಮೊಸರಿಲ್ಲದೆ ಊಟದಿಂದ ಏಳುವುದು ಈ ಮನೆಯಲ್ಲಿ ಅಪಶಕುನ. ಅದೂ ಅತ್ತೆ ಹಾಕಿದ ಕಟ್ಟು. ಅವರು ನನ್ನ ಮುಖ ನೋಡಿದರು, ಅಕ್ಕನ ಮುಖವನ್ನೂ ಒಮ್ಮೆ ಹೀಗೆ ನೋಡಿ ಬಂದಿದ್ದರೆ ಆಗುತ್ತಿತ್ತು ಎನ್ನಿಸುವಷ್ಟು ಹೊತ್ತು. ಆಮೇಲೆ ಕುಡಿಯುವ ನೀರಿನಿಂದ ಬಲಗೈ ತೊಳೆದು, ಪಂಚೆಗೆ ಒರೆಸಿಕೊಂಡು ಸಹಿ ಹಾಕಿದರು. ನಾನು ಗುಂಡಿ ತುಂಬಾ ಮೊಸರು ಬಡಿಸಿದೆ. ಅವರು ಸಾಕು ಎನ್ನುವಾಗ ಇನ್ನೊಂದು ಸೌಟು ಹಾಕಿದೆ.

ಎರಡು ತುತ್ತು ಉಂಡವರು ಇದ್ದಕ್ಕಿದ್ದಂತೆ ಹಗುರಾದರು. “ಅಲ್ವೇ, ಪಾಯಿಂಟೇ ಖರ್ಚಾದ ಮೇಲೆ ಆ ವಿಮಾನ ಬಿಟ್ರೂ ನಷ್ಟ ಇಲ್ಲ, ಅಲ್ವಾ?” ಮೂರು ತಿಂಗಳು ಊರೆಲ್ಲ ಕೇಳಿ ಬಗೆಹರಿಯದ್ದು ಮೊಸರನ್ನದಲ್ಲಿ ಬಗೆಹರಿಯಿತು. ಅದು ನನ್ನಿಂದಾಯಿತು ಎಂದು ಅವರು ಹೇಳಲಿಲ್ಲ, ನಾನೂ ಎದುರು ನೋಡಲಿಲ್ಲ. ಸಹಿಯಾದ ಹಾಳೆಯನ್ನು ಫ್ಯಾಕ್ಸಿಗೆ ಕಳಿಸಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ, “ತಲೆಗೆ ಬಣ್ಣ ಹಚ್ಕೊಳ್ಳಲೇನೇ?” ಎಂದಳು. “ಬೇಡ ಕಣೇ, ಇದ್ದ ಹಾಗೆ ಇರು,” ಎಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಗೌರಮ್ಮ ಗೋಡೆಯ ಆಚೆಯಿಂದ ಬಟ್ಟಲು ಚಾಚಿದಳು. ಹೆಪ್ಪಿಗೆ. ಅವಳ ಮನೆಯ ಮೊಸರು ಹಾಳಾದಾಗಲೆಲ್ಲ ಹೆಪ್ಪು ನಮ್ಮ ಮನೆಯದೇ. ಎರಡು ಚಮಚ ಹಾಕುತ್ತಾ ದೆಹಲಿಯ ಸುದ್ದಿ ಹೇಳಿದೆ. ಅವಳು ಬಟ್ಟಲಿಗೆ ಅಂಗೈ ಮುಚ್ಚಿಕೊಂಡು, ತಿರುಗಿ ಹೊರಟವಳು ನಿಂತು ಅಂದಳು:

“ಓಗ್ಬುಟ್ ಬನ್ನಿ ಕಣವ್ವ, ಚೆಂದಾಗಿ. ನೀವು ಬರಗಂಟ ಸಾವ್ಕಾರ್ರಿಗೆ ಮೊಸರು ನಾನೇ ಕಳುಸ್ತೀನಿ. ಆಮೇಲೆ ನಮ್ಮನೆ ಮೊಸರೇ ರುಚಿ ಹತ್ಬುಟ್ಟು, ವರ್ತನ ಈ ಕಡ ಬದಲಾಯಿಸ್ಕಬುಟ್ರ ನನ್ನ ಅನ್ಬ್ಯಾಡಿ, ಈಗ್ಲೇ ಯೋಳಿವ್ನಿ.”