ಎದುರುಬದುರು ಇಟ್ಟ ಬೆಲ್ಟು

ಆ ಬೀದಿಯ ತುದಿಯಲ್ಲಿ ನಿಂತು ‘ಅಳತೆಯಪ್ಪನ ಮನೆ ಯಾವುದು’ ಎಂದು ಕೇಳಿದರೆ ಸಾಕು, ಆಡುವ ಮಕ್ಕಳೂ ಆಟ ನಿಲ್ಲಿಸದೆ ಕೈ ತೋರಿಸುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಯಾವತ್ತೋ ಬಟ್ಟೆಚೂರುಗಳ ಜೊತೆ ಗುಡಿಸಿ ಹೋಗಿತ್ತು. ಕೆಲಸದಲ್ಲಿ ದರ್ಜಿ. ಕೊರಳಲ್ಲಿ ಟೇಪು, ಅಂಗಿಯ ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ಎದುರಿಗೆ ಯಾರೇ ಬರಲಿ, ಎಲ್ಲರಂತೆ ಮುಖ ನೋಡುವವನಲ್ಲ, ಹೆಗಲು ನೋಡುವವನು. “ಬಲಗಡೆ ಅರ್ಧ ಇಂಚು ಇಳಿದಿದೆಯಲ್ರೀ, ಚೀಲ ಇನ್ನೊಂದು ಕೈಗೆ ಹಾಕ್ಕೊಳ್ಳಿ” ಎಂದು ದಾರಿಯಲ್ಲೇ ಬುದ್ಧಿ ಹೇಳಿ ಮುಂದೆ ಹೋಗುವವನು.

ಹೊಲಿಗೆ ಕಲಿತದ್ದು ಸೋದರತ್ತೆಯ ಹತ್ತಿರ. ಮೊದಲು ಗುಂಡಿ, ಆಮೇಲೆ ಕಾಜಾ, ಆಮೇಲೆ ಅಂಚು ಮಡಿಸುವುದು. ಕತ್ತರಿ ಕೈಗೆ ಬಂದ ಮೊದಲ ದಿನವೇ ಒಂದೇ ಅಂಗಿಗೆ ಎರಡು ಎಡತೋಳು ಕತ್ತರಿಸಿ ಇಟ್ಟಿದ್ದ. ಅತ್ತೆ ಬೈಯಲಿಲ್ಲ. ಆ ಎರಡು ತೋಳನ್ನೂ ಅವನ ಮುಂದೆ ಹಿಡಿದು, “ಎರಡೂ ಎಡಗೈ ಇರೋ ಮನುಷ್ಯನ್ನ ಎಲ್ಲಿಂದಾದ್ರೂ ಹುಡುಕ್ಕೊಂಡು ಬಾ, ಅವನಿಗೆ ಮಾರೋಣ” ಎಂದಳು. ಆಮೇಲೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಪಾಠ ಹೇಳಿದಳು: ಎರಡು ತುಂಡನ್ನೂ ಎದುರುಬದುರು ಇಡು, ಹೊರಮೈಗೆ ಹೊರಮೈ ತಾಗಲಿ; ಆಗ ಒಂದರ ಗುರುತನ್ನು ಇನ್ನೊಂದಕ್ಕೆ ಇಳಿಸು. ಒಂದು ಎಡ ಆಗುತ್ತೆ, ಇನ್ನೊಂದು ತಾನಾಗಿ ಬಲ ಆಗುತ್ತೆ. ಅಂದು ಮೈಗೆ ಹತ್ತಿದ ಪಾಠ, ಅವನ ಕೂದಲು ಬೆಳ್ಳಗಾಗುವ ತನಕ ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಕೈ ಕೊಟ್ಟದ್ದು ಒಂದು ಶನಿವಾರ, ಅದೂ ಬಟ್ಟೆಯ ವಿಷಯದಲ್ಲಲ್ಲ.

ಮನೆಯಲ್ಲಿ ಒಂದು ಹಳೆಯ ಕಾರಿತ್ತು. ಕಾರು ಹೆಂಡತಿಯದು, ಅವಳ ಅಪ್ಪನಿಂದ ಬಂದದ್ದು. ಓಡಿಸುವವಳೂ ಅವಳೇ. ಅಳತೆಯಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು “ಎಡಗಡೆ ಒಂದು ಗೇಣು ಜಾಗ ಇದೆ, ಹೋಗು” ಎನ್ನುವುದಷ್ಟೇ ಅವನ ಪಾಲು. ಹೆಂಡತಿ ದುಡಿಯುತ್ತಿದ್ದ ಬಿಸ್ಕತ್ತಿನ ಕಾರ್ಖಾನೆಗೆ ಬೀಗ ಬಿದ್ದು ಬಹಳ ತಿಂಗಳಾಗಿತ್ತು. ಅಷ್ಟು ತಿಂಗಳು ಗಂಡನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಕೂತು ಅವಳಿಗೆ ಸಾಕಾಗಿ ಹೋಗಿತ್ತು. ಅವಳ ಗೊಣಗಾಟ ಕೇಳಿ ಅವನಿಗೂ ಅಷ್ಟೇ ಸಾಕಾಗಿತ್ತು. ಈಗ ಒಂದು ಕೆಲಸ ಸಿಕ್ಕಿತ್ತು. ಊರಾಚೆಯ ಸಣ್ಣ ಆಸ್ಪತ್ರೆಗಳಲ್ಲಿ ತೆಗೆದ ರಕ್ತದ ಸೀಸೆಗಳನ್ನು ಬೆಳಗ್ಗೆ ಬೆಳಗ್ಗೆ ದೊಡ್ಡ ಪ್ರಯೋಗಾಲಯಕ್ಕೆ ತಲುಪಿಸುವುದು. ಸೋಮವಾರದಿಂದ ಶುರು. ಒಂದೇ ಷರತ್ತು: ಸ್ವಂತ ಗಾಡಿ ಇರಬೇಕು, ದಾರಿಯಲ್ಲಿ ನಿಲ್ಲಬಾರದು.

ನಿಲ್ಲುವ ಗಾಡಿ ಅದು ಎಂದು ಹೇಳಿದವನು ಅವಳ ತಮ್ಮ. ಮೆಕ್ಯಾನಿಕ್ಕು. ಮನೆಯವರೆಲ್ಲ ಅವನನ್ನು ಸ್ಪ್ಯಾನರ್ ಎಂದೇ ಕರೆಯುವುದು. ಹೊಸ ಕೆಲಸಕ್ಕೆ ಮುಂಚೆ ಒಮ್ಮೆ ನೋಡಿ ಬಿಡೋಣ ಎಂದು ಬಾನೆಟ್ ಎತ್ತಿದವನು, ಇಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದೊಳಗೆ ಟಾರ್ಚ್ ಬಿಟ್ಟು ನಾಲಿಗೆ ಕಚ್ಚಿಕೊಂಡಿದ್ದ. ಟೈಮಿಂಗ್ ಬೆಲ್ಟು ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತ್ತು. ಹೊಸ ಬೆಲ್ಟು ತಂದುಕೊಟ್ಟು, ಭಾನುವಾರ ಬಂದು ಹಾಕುತ್ತೇನೆ ಎಂದು ಹೋದವನು ಮನೆಯಲ್ಲಿ ದೀಪ ಬದಲಿಸಲು ಏಣಿ ಹತ್ತಿ, ಏಣಿಯ ಸಮೇತ ಕೆಳಗೆ ಬಂದ. ಕಾಲಿಗೆ ತೊಡೆಯ ತನಕ ಪ್ಲಾಸ್ಟರ್. ಬೇರೆ ಗ್ಯಾರೇಜುಗಳವರು ಮುಂದಿನ ವಾರ ಎಂದರು.

“ನಾನೇ ಹಾಕ್ತೀನಿ” ಎಂದ ಅಳತೆಯಪ್ಪ.

ಹೆಂಡತಿ ಅವನನ್ನು ಕಾಲಿನಿಂದ ತಲೆಯ ತನಕ ಒಮ್ಮೆ ನೋಡಿದಳು. “ರೀ, ಗಾಡಿಗೆ ಪೆಟ್ರೋಲ್ ಎಲ್ಲಿ ಹಾಕ್ತಾರೆ ಹೇಳಿ ನೋಡೋಣ?”

“ಅದು ಬೇಡ. ಬೆಲ್ಟು ಅಂದ್ರೆ ಏನೇ? ಹಲ್ಲಿರೋ ಪಟ್ಟಿ. ಹಳೇದರ ಅಳತೆಗೆ ಹೊಸದು ಕೂರಿಸೋದು. ಜೀವಮಾನವೆಲ್ಲ ಇನ್ನೇನು ಮಾಡಿದೀನಿ ನಾನು?”

ಫೋನಿನಲ್ಲಿ ಸ್ಪ್ಯಾನರ್ ಮೊದಲು ಹೊಟ್ಟೆ ತುಂಬ ನಕ್ಕ. ಆಮೇಲೆ ದನಿ ಇಳಿಸಿದ. “ಭಾವ, ತಮಾಷೆ ಅಲ್ಲ ಇದು. ಕೆಳಗೊಂದು ಚಕ್ರ, ಮೇಲೊಂದು ಚಕ್ರ. ಎರಡೂ ಹೆಜ್ಜೆಗೆ ಹೆಜ್ಜೆ ಹಾಕಿ ತಿರುಗೋ ಹಂಗೆ ಹಿಡಿದಿರೋದೇ ಆ ಬೆಲ್ಟು. ಒಂದು ಹಲ್ಲು ಆಚೀಚೆ ಆದ್ರೆ ಗಾಡಿ ಕೆಮ್ಮುತ್ತೆ. ನಾಲ್ಕೈದು ಹಲ್ಲು ಹೋಯ್ತೋ, ಒಳಗೆ ವಾಲ್ವು ಪಿಸ್ಟನ್ನು ತಲೆ ತಲೆ ಚಚ್ಕೋತವೆ. ಆಮೇಲೆ ಅಕ್ಕ ಸೋಮವಾರ ಸೀಸೆ ಡಬ್ಬ ತಲೆ ಮೇಲಿಟ್ಕೊಂಡು ನಡ್ಕೊಂಡು ಹೋಗ್ಬೇಕು.”

“ಹೆದರಿಸಬೇಡ, ಏನು ಮಾಡ್ಬೇಕು ಹೇಳು.”

ಸ್ಪ್ಯಾನರ್ ಬಿಡಿಸಿ ಬಿಡಿಸಿ ಹೇಳಿದ. ಕೊನೆಗೆ, “ಎಲ್ಲಾ ಮುಗಿದ ಮೇಲೆ ಕೀಲಿ ಮುಟ್ಟಬೇಡಿ. ಮೊದಲು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದ್ರೂ ತಡೀತು ಅಂದ್ರೆ ಅಲ್ಲೇ ನಿಲ್ಲಿಸಿ. ಕೂದಲೆಳೆಯಷ್ಟೂ ಒತ್ತಬೇಡಿ” ಎಂದ.

“ಸರಿ. ಪಾಠ ಹೇಳಿದ್ದಕ್ಕೆ ಏನು ಕೊಡ್ಲಿ?”

“ಪ್ಲಾಸ್ಟರ್ ಮೇಲೆ ಏರೋ ಹಂಗೆ ಒಂದು ಪ್ಯಾಂಟು. ಹೊದಿಕೆ ಸುತ್ಕೊಂಡು ಕೂತೂ ಕೂತೂ ಮಾನ ಹೋಗಿದೆ.”

ಶನಿವಾರ ತಿಂಡಿ ಮುಗಿಸಿದವನೇ ಅಳತೆಯಪ್ಪ ಮನೆಯ ಪಕ್ಕದ ಸಿಮೆಂಟಿನ ಜಾಗದಲ್ಲಿ ಹಳೆಯ ದುಪ್ಪಟಿ ಹಾಸಿದ. ಇದ್ದ ಸಾಮಾನು ಒಂದು ಜಾಕು, ಮಾವನ ಕಾಲದ ಸ್ಪ್ಯಾನರುಗಳ ಡಬ್ಬ, ಒಂದು ಕಬ್ಬಿಣದ ಪೈಪು. ಬಿಚ್ಚಿದ ಬೋಲ್ಟುಗಳನ್ನು ಗುಂಡಿ ಇಡುವ ತಗಡಿನ ತಟ್ಟೆಯಲ್ಲಿ ಬಿಚ್ಚಿದ ಸಾಲಿನಲ್ಲೇ ಜೋಡಿಸಿದ. ಬ್ಯಾಟರಿಯ ತಂತಿ ಕಳಚಿದ. ಕಾರನ್ನೆತ್ತಿ, ಜಾಕನ್ನೊಂದೇ ನಂಬದೆ ಮರದ ದಿಮ್ಮಿ ಕೊಟ್ಟು, ಮುಂದಿನ ಗಾಲಿ ತೆಗೆದ. ಪ್ಲಗ್ಗುಗಳನ್ನೂ ಬಿಚ್ಚಿಟ್ಟ, ಹಾಗೆ ಮಾಡಿದರೆ ಇಂಜಿನ್ನಿನಲ್ಲಿ ಗಾಳಿ ಬಿಗಿಯದೆ ಕೈಗೆ ಹಗುರವಾಗಿ ತಿರುಗುತ್ತದೆ ಎಂದು ಸ್ಪ್ಯಾನರ್ ಹೇಳಿದ್ದ.

ಕೆಳಗಿನ ಚಕ್ರದ ದೊಡ್ಡ ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಹೆಂಡತಿ ಒಳಗೆ ಕೂತು ಗೇರು ಹಾಕಿ ಬ್ರೇಕು ಒತ್ತಿ ಹಿಡಿದಳು. ಅಳತೆಯಪ್ಪ ಸ್ಪ್ಯಾನರಿಗೆ ಪೈಪು ತೊಡಿಸಿ ಮೈಭಾರ ಬಿಟ್ಟ. ಠಣ್ ಎಂದಿತು.

“ನಿಮ್ಮ ಮೂಳೆಯೋ ಬೋಲ್ಟೋ?” ಒಳಗಿನಿಂದ ದನಿ ಬಂತು.

“ಬೋಲ್ಟೇ.”

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಒಂದು ಬೋಳುತಲೆ ಮೂಡಿತು. ಪಕ್ಕದ ಮನೆಯ ಹಾರ್ನ್ ಮಾವ. ಬಸ್ಸು ಓಡಿಸಿ ನಿವೃತ್ತನಾದವನು. ಮೆಲ್ಲಗೆ ಮಾತಾಡುವುದನ್ನು ಆ ದೇಹ ಯಾವ ಕಾಲಕ್ಕೂ ಕಲಿತಿರಲಿಲ್ಲ. “ಏನಯ್ಯಾ ಅಳತೆ, ಕಾರಿಗೆ ಚಡ್ಡಿ ಹೊಲೀತಿದ್ದೀಯಾ?” ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿ, ಅಲ್ಲೇ ಮೊಣಕೈ ಊರಿ ನಿಂತ.

ಹೆಂಡತಿ ಗೇರು ಬಿಡಿಸಿದಳು, ಬೆಲ್ಟಿನ ಮುಚ್ಚಳ ಬಂತು. ಕೆಳಗಿನ ಚಕ್ರದ ಗೀಟು ಇಂಜಿನ್ನಿನ ಗೀಟಿಗೆ, ಮೇಲಿನ ಚಕ್ರದ ಗೀಟು ಅದರ ಎದುರಿನ ಕಚ್ಚಿಗೆ ಕೂಡುವ ತನಕ ತಿರುಗಿಸಿದ. ಎರಡೂ ಚಕ್ರದ ಹತ್ತಿರ, ಹಳೆಯ ಬೆಲ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಿದ. ಬಿಗಿ ಹಿಡಿಯುವ ಟೆನ್ಷನರ್ ಉರುಳೆಯನ್ನು ಸಡಿಲಿಸಿ ಬೆಲ್ಟು ಬಿಚ್ಚಿದ. ಗುರುತಿನಿಂದ ಗುರುತಿಗೆ ಒಂದು ಕಡೆ ಹಲ್ಲು ಕಡಿಮೆ. ಉರುಳೆಯನ್ನು ಬಳಸಿ ಬರುವ ಇನ್ನೊಂದು ಕಡೆ ನಾಲ್ಕೈದು ಹಲ್ಲು ಜಾಸ್ತಿ. ಮೂರು ಸಲ ಎಣಿಸಿದ.

ಆಮೇಲೆ ಎರಡು ಬೆಲ್ಟನ್ನೂ ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯ ಮೇಜಿಗೆ ಒಯ್ದ. ಹಳೆಯದನ್ನು ಹಾಸಿ, ಹೊಸದನ್ನು ಅದರ ಮೇಲೆ ಇಟ್ಟು, ಗುರುತುಗಳನ್ನು ಇಳಿಸಿದ. ಎಣಿಸಿ ನೋಡಿದ, ಲೆಕ್ಕ ಸರಿಯಾಗಿತ್ತು. ಬೆಲ್ಟಿನ ಮೇಲೆ ಅಚ್ಚಾಗಿದ್ದ ಅಕ್ಷರ ನೆಟ್ಟಗೆ ಕಾಣುವಂತೆ ಹಿಡಿದು ಕಾರಿನ ಬಳಿ ಬಂದು ಹಾಕತೊಡಗಿದ. ಕೆಳಗಿನ ಗುರುತು ಸರಿಯಾಗಿ ಕೂತಿತು. ಮೇಲಿನದು ಕೂರಲಿಲ್ಲ, ಚಕ್ರ ಕೊಂಚ ತಿರುಗಿದರೆ ಕೂರುವಂತಿತ್ತು. ಬೆಲ್ಟು ತೆಗೆಯುವಾಗ ಚಕ್ರವೇ ಜರುಗಿರಬೇಕು ಎಂದುಕೊಂಡ. ಬಟ್ಟೆಯ ಮೇಲೆ ತಾನು ಹಾಕಿದ ಗುರುತನ್ನು ಅವನು ಎಂದೂ ಅನುಮಾನಿಸಿದವನಲ್ಲ. ಮೇಲಿನ ಚಕ್ರಕ್ಕೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ಗುರುತಿನ ತನಕ ತಂದು ಬೆಲ್ಟು ಏರಿಸಿ, ಉರುಳೆ ಬಿಗಿ ಮಾಡಿದ.

“ಆಯ್ತಾ? ಕೀಲಿ ಕೊಡ್ಲಾ?” ಹೆಂಡತಿ ಕೇಳಿದಳು.

“ಮುಟ್ಟಬೇಡ!” ಎಂದು ಕೂಗಿ, ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸತೊಡಗಿದ. ಕಾಲು ಸುತ್ತು ಹಗುರವಾಗಿ ಹೋಯಿತು. ಇನ್ನೂ ಸ್ವಲ್ಪ ಹೋಯಿತು. ಆಮೇಲೆ ನಿಂತಿತು.

“ಹೊಸ ಬೆಲ್ಟು, ಬಿಗಿ ಇರುತ್ತೆ. ಪೈಪು ಹಾಕಿ ಒಂದು ಏಟು ಎಳಿ, ತಿರುಗ್ತದೆ” ಎಂದ ಹಾರ್ನ್ ಮಾವ.

ಅಳತೆಯಪ್ಪ ಪೈಪಿನ ಕಡೆ ನೋಡಿದ. ಬೆಳಗಿನಿಂದ ಬೆನ್ನು ಬಗ್ಗಿಸಿ ಬಗ್ಗಿಸಿ ಸೊಂಟ ಬಿದ್ದು ಹೋಗಿತ್ತು. ಹೆಂಡತಿ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಪೈಪು ಕೈಗೆ ತೆಗೆದುಕೊಂಡದ್ದೂ ನಿಜವೇ.

ಆದರೆ ಕೈಗೆ ಸಿಕ್ಕ ಆ ತಡೆ ಬಿಗಿಯದ್ದಲ್ಲ. ಬಿಗಿಯಾದದ್ದು ಎಳೆದರೆ ಎಳೆಯುತ್ತದೆ, ರಬ್ಬರಿನಂತೆ ಸ್ವಲ್ಪ ಬಿಟ್ಟುಕೊಡುತ್ತದೆ. ಇದು ಹಾಗಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತದ್ದು. ಹೊಲಿಗೆ ಯಂತ್ರದಲ್ಲಿ ಸೂಜಿ ಕೆಳಗಿನ ತಗಡಿಗೆ ತಾಗುವುದು ಹೀಗೇ. ಆಗ ಪೆಡಲ್ ಒತ್ತಿದವನ ಸೂಜಿ ಎರಡು ತುಂಡು. ಅಳತೆಯಪ್ಪ ಪೈಪನ್ನು ದುಪ್ಪಟಿಯ ಮೇಲೆ ಇಟ್ಟ.

“ಇಲ್ಲ ಮಾವ. ಸೂಜಿ ತಗಡಿಗೆ ತಾಗಿದೆ.”

“ಕಾರಲ್ಲಿ ಸೂಜಿ ಎಲ್ಲಿಂದ ಬಂತಯ್ಯಾ! ಗಾಳಿ ಬಿಗಿದಿರುತ್ತೆ ಒಳಗೆ.”

“ಪ್ಲಗ್ಗು ತಟ್ಟೇಲಿದೆ ನೋಡಿ. ಗಾಳಿಗೆ ಬಾಗಿಲು ತೆಗೆದಿಟ್ಟಿದೀನಿ.”

ಹಾರ್ನ್ ಮಾವ ತಟ್ಟೆಯ ಕಡೆ ಕತ್ತು ಚಾಚಿ ನೋಡಿದ.

ಹೆಂಡತಿ ಇಳಿದು ಬಂದಳು. “ಹಾಳಾಯ್ತಾ?”

“ಗೊತ್ತಿಲ್ಲ. ಒತ್ತಿಲ್ಲ ನಾನು.”

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು. ಫೋನು ತೆಗೆದು ತಮ್ಮನಿಗೆ ಹಚ್ಚಿದಳು. ಸ್ಪ್ಯಾನರ್ ಎಲ್ಲ ಕೇಳಿ, “ಮೆಲ್ಲಗೆ ತಾಗಿದ್ರೆ ಏನೂ ಆಗಿರಲ್ಲ. ಎಷ್ಟು ತಿರುಗಿಸಿದ್ರೋ ಅಷ್ಟೇ ಹಿಂದಕ್ಕೆ ತನ್ನಿ, ಆಮೇಲೆ ಬೆಲ್ಟು ಬಿಚ್ಚಿ. ಭಾವ, ಹೊಸದಕ್ಕೆ ಗುರುತು ಹೆಂಗೆ ಇಳಿಸಿದ್ರಿ?” ಎಂದ.

“ಇಳಿಸೋ ಹಂಗೇ ಇಳಿಸಿದೆ. ಇನ್ನೆಂಗೆ ಇಳಿಸ್ತಾರೆ?”

ಹಿಂದಕ್ಕೆ ತಂದು ಬೆಲ್ಟು ಬಿಚ್ಚಿದ್ದಾಯಿತು. “ಬನ್ನಿ, ಮೇಜಿನ ಮೇಲೆ ಇಟ್ಟು ತೋರ್ಸಿ” ಎಂದಳು ಹೆಂಡತಿ.

ಅವನು ಮತ್ತೆ ಹಳೆಯದನ್ನು ಹಾಸಿದ. ಹೊಸದನ್ನು ಕೈಗೆತ್ತಿಕೊಂಡ. ಕೈ ತನ್ನ ಪಾಡಿಗೆ ತಾನು ಅದನ್ನು ಮಗುಚಿ, ಹೊರಮೈಗೆ ಹೊರಮೈ ತಾಗುವಂತೆ ಎದುರುಬದುರು ಇಟ್ಟಿತು. ಹೆಂಡತಿ ಅದನ್ನೇ ನೋಡುತ್ತಿದ್ದಳು. ಅಷ್ಟು ತಿಂಗಳು ಅದೇ ಮೇಜಿನ ಪಕ್ಕ ಗುಂಡಿ ಹಚ್ಚಿದ್ದು ಸುಮ್ಮನೆ ಹೋಗಿರಲಿಲ್ಲ.

“ರೀ,” ಎಂದಳು. “ಕಾರಿಗೆ ಇನ್ನೊಂದು ತೋಳು ಹೊಲಿದಿದ್ದೀರಲ್ರೀ!”

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಎದುರುಬದುರು ಇಟ್ಟು ಇಳಿಸಿದ ಗುರುತು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿತ್ತು. ಹಲ್ಲು ಜಾಸ್ತಿ ಇರಬೇಕಾದ ಕಡೆ ಕಡಿಮೆ, ಕಡಿಮೆ ಇರಬೇಕಾದ ಕಡೆ ಜಾಸ್ತಿ. ಲೆಕ್ಕ ಎಷ್ಟು ಸಲ ಎಣಿಸಿದರೂ ಸರಿಯೇ. ಮಗ್ಗುಲು ಮಾತ್ರ ತಿರುಗಿತ್ತು. ಕಾರಿಗೆ ಬೇಕಾಗಿದ್ದದ್ದು ಜೋಡಿಯಲ್ಲ, ಅದೇ ತೋಳು ಇನ್ನೊಂದು.

“ಅತ್ತೆ ಹೇಳಿಕೊಟ್ಟದ್ದು ಕಣೇ” ಎಂದ ಸಣ್ಣ ದನಿಯಲ್ಲಿ.

“ಅತ್ತೆ ಕಾರು ಹೊಲಿದಿರಲಿಲ್ಲ.” ಅವಳಿಗೆ ನಗು ಬಂತು, ಅವನಿಗೂ ಬಂತು. ಅಷ್ಟರಲ್ಲಿ ಕಾಂಪೌಂಡು ಬಳಸಿ ಬಂದು ಬಾಗಿಲಲ್ಲಿ ನಿಂತಿದ್ದ ಹಾರ್ನ್ ಮಾವ ಏನೂ ಅರ್ಥವಾಗದಿದ್ದರೂ ಇಬ್ಬರಿಗಿಂತ ಜೋರಾಗಿ ನಕ್ಕ.

ಗುರುತು ಒರೆಸಿ, ಎರಡೂ ಬೆಲ್ಟಿನ ಅಕ್ಷರ ಒಂದೇ ಕಡೆಗೆ ನೋಡುವಂತೆ ಇಟ್ಟು, ಹೊಸದಾಗಿ ಇಳಿಸಿದ. ಈ ಸಲ ಹೆಂಡತಿ ಬೆರಳಿಟ್ಟು ಹಿಡಿದಳು. ಮೇಲಿನ ಚಕ್ರವನ್ನು ತನ್ನ ಸುಣ್ಣದ ಗುರುತಿಗಲ್ಲದೆ, ಇಂಜಿನ್ನಿನ ಕಚ್ಚಿಗೇ ತಂದು ನಿಲ್ಲಿಸಿದ. ಬೆಲ್ಟು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಏರಿತು. ಕೈಯಲ್ಲಿ ತಿರುಗಿಸಿದ. ಮೊದಲ ಸುತ್ತಿನಲ್ಲಿ, ಹಿಂದೆ ತಡೆದಿದ್ದ ಜಾಗ ಬಂದಾಗ ಅವನ ಉಸಿರು ನಿಂತಿತ್ತು, ಸ್ಪ್ಯಾನರ್ ನಿಲ್ಲಲಿಲ್ಲ. ಎರಡು ಸುತ್ತು ಮುಗಿದಾಗ ಗೀಟಿಗೆ ಗೀಟು ಕೂಡಿತ್ತು. ಆದರೂ ಸಮಾಧಾನಕ್ಕೆಂದು ಇನ್ನೆರಡು ಸುತ್ತು ತಿರುಗಿಸಿದ.

ಮುಚ್ಚಳ, ಪ್ಲಗ್ಗು, ಗಾಲಿ, ಬ್ಯಾಟರಿಯ ತಂತಿ ಎಲ್ಲ ವಾಪಸು ಕೂತವು. ತಗಡಿನ ತಟ್ಟೆ ಖಾಲಿಯಾಯಿತು. ಒಂದು ಬೋಲ್ಟೂ ಉಳಿದಿಲ್ಲ ಎಂದು ಅವಳಿಗೆ ತಟ್ಟೆ ಎತ್ತಿ ತೋರಿಸಿದ. ಹೆಂಡತಿ ಕೀಲಿ ತಿರುಗಿಸಿದಳು. ಇಂಜಿನ್ನು ಎರಡು ಸಲ ಗಂಟಲು ಸರಿಮಾಡಿಕೊಂಡು ಹಿಡಿದುಕೊಂಡಿತು. ಅಳತೆಯಪ್ಪ ಫೋನನ್ನು ಬಾನೆಟ್ಟಿನೊಳಗೆ ಹಿಡಿದ.

“ಸದ್ದು ಚೆನ್ನಾಗಿದೆ ಭಾವ,” ಎಂದ ಸ್ಪ್ಯಾನರ್, ಕೇಳಿಸಿಕೊಂಡು. “ನನಗೆ ಕಾಲು ಸರಿಹೋಗೋದು ತಡವಾದ್ರೆ ಗ್ಯಾರೇಜು ನೀವೇ ನೋಡ್ಕೊಳ್ಳಿ.”

“ಈ ಒಂದು ಗಾಡಿ ಸಾಕಪ್ಪ. ಇನ್ನು ಸಾಯೋ ತನಕ ಬಟ್ಟೆ.”

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಹೊರಟಳು. ಮಧ್ಯಾಹ್ನ ಮರಳಿ ಬಂದು, ಖಾಲಿ ಡಬ್ಬವನ್ನು ಬಾಗಿಲ ಬಳಿ ಇಟ್ಟು, “ಎಲ್ಲೂ ನಿಲ್ಲಲಿಲ್ಲ, ನಾಳೇನೂ ಬಾ ಅಂದ್ರು” ಎಂದಳು. ಅವನು ತಲೆ ಎತ್ತದೆ “ಹೂಂ” ಎಂದ. ಬೆಳಗ್ಗೆ ಅವಳು ಹೋದಾಗಿನಿಂದ ಒಂದೇ ಹೊಲಿಗೆಯನ್ನು ಬಿಚ್ಚಿ ಬಿಚ್ಚಿ ಹಾಕುತ್ತಾ ಕೂತಿದ್ದನೆಂದು ಹೇಳಲಿಲ್ಲ.

ಮೇಜಿನ ಮೇಲೆ ಬಾಮೈದನ ಪ್ಯಾಂಟಿನ ಬಟ್ಟೆ ಹರಡಿತ್ತು. ಒಂದು ಕಾಲು ಮಾಮೂಲಿ, ಇನ್ನೊಂದು ಪ್ಲಾಸ್ಟರ್ ಹಿಡಿಯುವಷ್ಟು ಅಗಲ. ಅವನು ಕತ್ತರಿ ಹಿಡಿದು, ಹಿಡಿದಲ್ಲೇ ನಿಂತ.

“ಅವನಿಗೆ ಮುರಿದಿರೋದು ಯಾವ ಕಾಲೇ?”

“ಎಡಗಾಲು” ಎಂದಳು ಅವಳು, ನೀರಿನ ಲೋಟ ಕೆಳಗಿಟ್ಟು. “ತಡೀರಿ, ನಾನೂ ಬರ್ತೀನಿ. ಎದುರುಬದುರು ಇಡಬೇಡಿ.”